525 ಪಟ್ಟು ಪವರ್ ಇದ್ದರೂ ಶನಿ ಚುಕ್ಕೆಯಾಗೇ ಕಾಣೋದು ಯಾಕೆ?

ಪ್ರಶ್ನೆ: ನಾವು ದಾವಣಗೆರೆಯವರು. ಏಳನೇ ಕ್ಲಾಸಿನ ಮಗಳ ಹುಟ್ಟುಹಬ್ಬಕ್ಕೆ ಅಂತ ಆನ್‌ಲೈನ್‌ನಲ್ಲಿ ಒಂದು ಟೆಲಿಸ್ಕೋಪ್ ತರಿಸಿದೆ. ಲೆನ್ಸ್ 70 ಎಂಎಂ, ಫೋಕಲ್ ಲೆಂಗ್ತ್ 700 ಎಂಎಂ ಅಂತ ಬರೆದಿದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ '525 ಪಟ್ಟು' ಅಂತಿದೆ. ಜೊತೆಗೆ ಕಣ್ಣಿಟ್ಟು ನೋಡುವ 20, 10, 4 ಎಂಎಂನ ಮೂರು ಐಪೀಸ್, ಚಿತ್ರವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಒಂದು ಬಾರ್ಲೋ ಲೆನ್ಸ್ ಬಂದಿವೆ. ಮೊದಲ ರಾತ್ರಿ ಬರೀ ಕತ್ತಲೆ ಕಂಡಿತು. ಎರಡನೇ ದಿನ ಚಂದ್ರ ಸಿಕ್ಕಿದ, ಆದರೆ ಮಂಕು ಮಂಕು. ಶನಿ ಹುಡುಕೋಕೆ ಒಂದು ಗಂಟೆ ಬೇಕಾಯಿತು. ಸಿಕ್ಕಾಗ ಕಡ್ಡಿ ಚುಚ್ಚಿದ ಚುಕ್ಕೆ ಹಾಗಿತ್ತು. 4 ಎಂಎಂ ಹಾಕಿದರೆ ಅದೂ ಕರಗಿ ಹೋಗುತ್ತದೆ, ಮುಟ್ಟಿದರೆ ಎಲ್ಲಾ ಅಲ್ಲಾಡುತ್ತದೆ. ಮಗಳು ಈಗ ಅದರ ಹತ್ತಿರ ಹೋಗುತ್ತಿಲ್ಲ. ಇದನ್ನು ಮಾರಿ ಮೋಟಾರ್ ಇರುವ ಇಕ್ವಟೋರಿಯಲ್ ಮೌಂಟಿನ ದೊಡ್ಡದು ತಗೊಳ್ಳಿ ಅಂತ ಭಾವಮೈದ ಹೇಳುತ್ತಾನೆ. ಊರಲ್ಲಿ ಬೆಳಕು ಜಾಸ್ತಿ, ಏನು ತಂದರೂ ದಂಡ ಅಂತ ಆಫೀಸಿನವರು ಹೇಳುತ್ತಾರೆ. ಶನಿಯನ್ನ ದಿಟ್ಟಿಸಿ ನೋಡಬಾರದು ಅಂತ ನಮ್ಮ ಅತ್ತೆ. ಇನ್ನೊಂದು 20,000 ರೂಪಾಯಿ ಹೊಂದಿಸಬಹುದು. ನಮ್ಮ ಟೆಲಿಸ್ಕೋಪ್ ಕೆಟ್ಟದ್ದಾ? ಏನು ಮಾಡೋಣ?

ಉತ್ತರ: 'ಮಗಳು ಈಗ ಅದರ ಹತ್ತಿರ ಹೋಗುತ್ತಿಲ್ಲ' ಅಂತ ಬರೆದಿದ್ದೀರಲ್ಲ, ಆ ಸಾಲು ನನ್ನನ್ನು ತುಂಬಾ ಕಾಡಿತು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಶಾಲೆಗಳಿಗೆ, ಹಳ್ಳಿಗಳಿಗೆ ಟೆಲಿಸ್ಕೋಪ್ ಹೊತ್ತುಕೊಂಡು ಹೋಗುತ್ತಿದ್ದೇನೆ. ಅಟ್ಟ ಸೇರಿದ್ದ ಎಷ್ಟೋ ಟೆಲಿಸ್ಕೋಪ್‌ಗಳನ್ನು ಜನ ನನ್ನ ಹತ್ತಿರ ತಂದಿದ್ದಾರೆ. ಅವುಗಳಲ್ಲಿ ನಿಜವಾಗಿ ಕೆಟ್ಟಿದ್ದವು ಕಡಿಮೆ. ನಿಮ್ಮದೂ ಕೆಟ್ಟಿಲ್ಲ ಅನ್ನುವುದು ನಿಮ್ಮ ವಿವರದಿಂದಲೇ ಗೊತ್ತಾಗುತ್ತದೆ. ಮಾರಬೇಡಿ. ಆ 20,000 ರೂಪಾಯಿಯನ್ನೂ ಸದ್ಯಕ್ಕೆ ಮುಟ್ಟಬೇಡಿ.

ಮೊದಲು ಆ 525ರ ಲೆಕ್ಕ ನೋಡೋಣ. ಟೆಲಿಸ್ಕೋಪಿನ ಫೋಕಲ್ ಲೆಂಗ್ತನ್ನು (ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಐಪೀಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ. 700ನ್ನು 20ರಿಂದ ಭಾಗಿಸಿದರೆ 35. 10 ಎಂಎಂ ಹಾಕಿದರೆ 70. 4 ಎಂಎಂ ಹಾಕಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಸೇರಿಸಿದರೆ 525. ಗಣಿತದಲ್ಲಿ ತಪ್ಪಿಲ್ಲ. ಆದರೆ ಒಂದು ಲೆನ್ಸ್ ತನ್ನ ಅಗಲದ ಪ್ರತಿ ಎಂಎಂಗೆ ಸುಮಾರು ಎರಡು ಪಟ್ಟಿನವರೆಗೆ ಮಾತ್ರ ಚಿತ್ರವನ್ನು ಹಿಗ್ಗಿಸಬಲ್ಲದು. 70 ಎಂಎಂ ಲೆನ್ಸಿಗೆ 140 ಅಂದರೆ ಕೊನೆ. ಅದರ ಆಚೆ ಹೊಸ ವಿವರ ಏನೂ ಬರುವುದಿಲ್ಲ. ಇರುವ ಮಸುಕೇ ದೊಡ್ಡದಾಗುತ್ತದೆ. ಒಂದು ಲೋಟ ಮಜ್ಜಿಗೆಗೆ ಒಂದು ಬಿಂದಿಗೆ ನೀರು ಬೆರೆಸಿದ ಹಾಗೆ.

ಇನ್ನೊಂದು ತೊಂದರೆಯೂ ಇದೆ. ಭೂಮಿ ತಿರುಗುವುದರಿಂದ ಆಕಾಶ ನಿಧಾನವಾಗಿ ಸರಿಯುತ್ತಿರುತ್ತದೆ. 35 ಪಟ್ಟಿನಲ್ಲಿ ಒಂದು ಗ್ರಹ ಐಪೀಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು ಸುಮಾರು 5 ನಿಮಿಷ ಬೇಕು. 525 ಪಟ್ಟಿನಲ್ಲಿ ಇಪ್ಪತ್ತು ಸೆಕೆಂಡಿನಲ್ಲಿ ಮಾಯ. ಅಪ್ಪ ಹಿಡಿದು, ಫೋಕಸ್ ಮಾಡಿ, 'ಬಾ ಮಗಳೇ ನೋಡು' ಅನ್ನುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಮಕ್ಕಳು ಟೆಲಿಸ್ಕೋಪಿನ ಮೇಲೆ ನಂಬಿಕೆ ಕಳೆದುಕೊಳ್ಳೋದು ಇಲ್ಲೇ. ಹಾಗಾಗಿ 4 ಎಂಎಂ ಐಪೀಸ್ ಮತ್ತು ಬಾರ್ಲೋ ಎರಡನ್ನೂ ಡಬ್ಬದಲ್ಲೇ ಇಡಿ. ನಿಮ್ಮ ಮುಖ್ಯ ಐಪೀಸ್ 20 ಎಂಎಂ. ಗಾಳಿ ಸ್ತಬ್ಧವಾಗಿರುವ ರಾತ್ರಿ 10 ಎಂಎಂ.

35 ಪಟ್ಟು ಕಮ್ಮಿ ಅನ್ನಿಸುತ್ತದೆ, ಅಲ್ವಾ? 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ. ನಿಮ್ಮ ಲೆನ್ಸ್ ಅವನದಕ್ಕಿಂತ ಎಷ್ಟೋ ಉತ್ತಮ. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಹೆಚ್ಚೆಂದರೆ 7 ಎಂಎಂ. 70 ಎಂಎಂ ಲೆನ್ಸ್ ಅದಕ್ಕಿಂತ ನೂರು ಪಟ್ಟು ಬೆಳಕು ಹಿಡಿಯುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆಯಬೇಕಿದ್ದ ಸಂಖ್ಯೆ ಅದು.

ಈಗ ನಿಮ್ಮ ತೊಂದರೆಗಳನ್ನ ಒಂದೊಂದಾಗಿ ನೋಡೋಣ. ಚಂದ್ರ ಮಂಕಾಗಿ ಕಂಡ ಅಂದಿರಿ. ಟೆಲಿಸ್ಕೋಪಿನ ಮುಂದಿನ ಮುಚ್ಚಳ ನೋಡಿ. ಈ ಬಗೆಯ ಎಷ್ಟೋ ಟೆಲಿಸ್ಕೋಪ್‌ಗಳ ದೊಡ್ಡ ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನಷ್ಟೇ ತೆಗೆದು ನೋಡುವವರು ತುಂಬಾ ಜನ. ಆಗ 70 ಎಂಎಂ ಲೆನ್ಸಿಗೆ ಹೆಬ್ಬೆರಳಿನಷ್ಟು ತೂತಿನಿಂದ ಮಾತ್ರ ಬೆಳಕು ಬರುತ್ತದೆ. ಇಡೀ ಮುಚ್ಚಳ ತೆಗೆಯಬೇಕು. ನಿಮ್ಮಲ್ಲೂ ಇದೇ ಆಗಿದೆ ಅಂತ ನನ್ನ ಬಲವಾದ ಅನುಮಾನ.

ಮೊದಲ ರಾತ್ರಿಯ ಕತ್ತಲೆಗೂ, ಶನಿಗಾಗಿ ಒಂದು ಗಂಟೆ ಹುಡುಕಿದ್ದಕ್ಕೂ ಕಾರಣ ಫೈಂಡರ್. ಕೊಳವೆಯ ಮೇಲಿನ ಆ ಚಿಕ್ಕ ದುರ್ಬೀನು ಅಥವಾ ಕೆಂಪು ಚುಕ್ಕೆಯ ಸಾಧನ ಡಬ್ಬದಿಂದ ಬರುವಾಗ ಟೆಲಿಸ್ಕೋಪಿನ ಜೊತೆ ಹೊಂದಿಕೊಂಡಿರುವುದಿಲ್ಲ. ನೀವೇ ಹೊಂದಿಸಬೇಕು. ಇದನ್ನು ರಾತ್ರಿ ಮಾಡಲು ಹೋಗಬೇಡಿ. ಸಂಜೆ ಐದಕ್ಕೆ, ಸೂರ್ಯನಿಗೆ ಬೆನ್ನು ಮಾಡಿ, ದೂರದ ಒಂದು ಮೊಬೈಲ್ ಟವರ್ ತುದಿಯನ್ನೋ, ತೆಂಗಿನ ಮರದ ಸುಳಿಯನ್ನೋ ಹಿಡಿಯಿರಿ. ಒಂದು ಕಿಲೋಮೀಟರಾದರೂ ದೂರ ಇರಲಿ. 20 ಎಂಎಂ ಐಪೀಸಿನ ನಡುವೆ ಅದನ್ನು ತಂದು ಮೌಂಟಿನ (ಟೆಲಿಸ್ಕೋಪ್ ಕೂರಿಸಿದ ಪೀಠ) ಸ್ಕ್ರೂ ಬಿಗಿ ಮಾಡಿ. ಆಮೇಲೆ ಟೆಲಿಸ್ಕೋಪ್ ಅಲುಗಿಸದೆ ಫೈಂಡರಿನ ಸ್ಕ್ರೂಗಳನ್ನು ಮಾತ್ರ ತಿರುಗಿಸಿ, ಅದರ ನಡುವೆಯೂ ಅದೇ ತುದಿ ಬರುವ ಹಾಗೆ ಮಾಡಿ. ಹತ್ತು ನಿಮಿಷದ ಕೆಲಸ. ಇದನ್ನು ಮಗಳ ಕೈಯಲ್ಲೇ ಮಾಡಿಸಿ. ಸ್ಕ್ರೂ ತಿರುಗಿಸಲು ಪುಟ್ಟ ಬೆರಳು ಒಳ್ಳೆಯದು. ಜೊತೆಗೆ, ಇದು ನನ್ನದು ಅನ್ನುವ ಭಾವನೆ ಆಕೆಗೆ ಬರುತ್ತದೆ. ಟವರ್ ತಲೆಕೆಳಗಾಗಿಯೋ, ಎಡಬಲ ತಿರುಗಿಯೋ ಕಂಡರೆ ಗಾಬರಿ ಬೇಡ. ಟೆಲಿಸ್ಕೋಪಿನಲ್ಲಿ ಅದು ಸಹಜ.

ಅಲ್ಲಾಟದ ವಿಷಯದಲ್ಲಿ ಮಾತ್ರ ನಿಮ್ಮ ದೂರು ನೂರಕ್ಕೆ ನೂರು ಸರಿ. ಈ ಬೆಲೆಯ ಟೆಲಿಸ್ಕೋಪ್‌ಗಳಲ್ಲಿ ಲೆನ್ಸ್ ಪರವಾಗಿಲ್ಲ, ಟ್ರೈಪಾಡ್ ತೀರಾ ಹಗುರ. ಮೂರು ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಗಿಡ್ಡವಾಗಿಟ್ಟು, ನೀವು ಸ್ಟೂಲಿನ ಮೇಲೆ ಕೂತು ನೋಡಿ. ನಡುವಿನ ತಟ್ಟೆಗೆ ಮರಳು ತುಂಬಿದ ಒಂದು ಚೀಲವನ್ನೋ, ಎರಡು ಲೀಟರಿನ ನೀರಿನ ಬಾಟಲಿಯನ್ನೋ ಕಟ್ಟಿ. ಗ್ರಹ ನೋಟದೊಳಗೆ ಸರಿದು ಬರುವ ಕಡೆಯ ಅಂಚಿಗೆ ಅದನ್ನು ತಂದು ಕೈ ಬಿಟ್ಟುಬಿಡಿ. ಅದು ತಾನೇ ನಡುವಿಗೆ ಬರುತ್ತದೆ. ನೋಡುವಾಗ ಐಪೀಸನ್ನು ಯಾರೂ ಹಿಡಿದುಕೊಳ್ಳಬಾರದು. ಮಕ್ಕಳ ಕೈಯನ್ನು ಬೆನ್ನ ಹಿಂದೆ ಕಟ್ಟಿಸುವುದು ನನ್ನ ಅಭ್ಯಾಸ.

ಇನ್ನು ಶನಿ. ನಿಮ್ಮ ಮಗಳು ನೋಡಿದ್ದು ಸರಿಯಾಗೇ ಇದೆ! ಶನಿಯ ಬಳೆ ನಮ್ಮ ಕಡೆ ಓರೆಯಾಗುವುದು, ನೆಟ್ಟಗಾಗುವುದು ಆಗುತ್ತಲೇ ಇರುತ್ತದೆ. ಸುಮಾರು 15 ವರ್ಷಕ್ಕೊಮ್ಮೆ ಅದರ ಅಂಚು ಮಾತ್ರ ನಮಗೆ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಹಾಗಾಯಿತು. ಅದಕ್ಕೇ ನಿಮಗೆ ಕಡ್ಡಿ ಚುಚ್ಚಿದ ಹಾಗೆ ಕಂಡಿದ್ದು. ಇನ್ನು ವರ್ಷದಿಂದ ವರ್ಷಕ್ಕೆ ಬಳೆ ತೆರೆದುಕೊಳ್ಳುತ್ತಾ ಹೋಗಿ, 2032ರ ಹೊತ್ತಿಗೆ ಪೂರ್ತಿ ಅಗಲವಾಗಿ ಕಾಣುತ್ತದೆ. ಆಗ ನಿಮ್ಮ ಮಗಳು ಕಾಲೇಜಿನಲ್ಲಿರುತ್ತಾಳೆ. ಅವಳಿಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ವರ್ಷ ಒಂದು ಸಲ ಪೆನ್ಸಿಲಿನಲ್ಲಿ ಶನಿಯನ್ನು ಬಿಡಿಸಿ, ತಾರೀಕು ಹಾಕಲಿ. ಕಡ್ಡಿ ಬಳೆಯಾಗುವುದನ್ನು ಅವಳೇ ದಾಖಲು ಮಾಡಿದ ಹಾಗಾಗುತ್ತದೆ.

ಗಾತ್ರ ಚಿಕ್ಕದು ಅನ್ನುವುದಕ್ಕೆ ಒಂದು ಮಾತು. ಸುಮಾರು 40 ಪಟ್ಟಿನಲ್ಲಿ ಗುರು ಗ್ರಹ, ಬರಿಗಣ್ಣಿಗೆ ಚಂದ್ರ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತದೆ. ಯಾರೂ ನಂಬುವುದಿಲ್ಲ. ಸುತ್ತ ಕಪ್ಪು ಇದ್ದು, ಹೋಲಿಸಲು ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಕಣ್ಣಿಗೆ ಎಲ್ಲವೂ ಚಿಕ್ಕದೇ. ಐದು ನಿಮಿಷ ಸುಮ್ನೆ ನೋಡುತ್ತಾ ಕೂತರೆ, ಮೊದಲು ಕಾಣದಿದ್ದ ಗುರುವಿನ ಎರಡು ಪಟ್ಟಿಗಳು ಮೆಲ್ಲಗೆ ಕಾಣಿಸಿಕೊಳ್ಳುತ್ತವೆ. ಬಣ್ಣದ ಫೋಟೋಗಳ ನಿರೀಕ್ಷೆಯನ್ನು ಮಾತ್ರ ಈಗಲೇ ಬಿಟ್ಟುಬಿಡಿ. ಕೆಂಪು, ನೇರಳೆ ನೀಹಾರಿಕೆಗಳ (ಆಕಾಶದಲ್ಲಿನ ಅನಿಲ, ಧೂಳಿನ ಮೋಡಗಳು) ಚಿತ್ರಗಳಿಗೆ ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಹಾಕಿರುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯುವ ಶಕ್ತಿ ಇಲ್ಲ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದರೂ ಮನೆಯಲ್ಲಿ ಕಾಣುವ ನೀಹಾರಿಕೆ ಹೆಚ್ಚಾಗಿ ಬೂದಿ ಬಣ್ಣದ್ದೇ. ಮಗಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಊರಿನ ಬೆಳಕಿನ ಬಗ್ಗೆ ನಿಮ್ಮ ಆಫೀಸಿನವರ ಮಾತು ಅರ್ಧ ನಿಜ. ನೀಹಾರಿಕೆ, ಗೆಲಾಕ್ಸಿಗಳನ್ನು ಬೀದಿ ದೀಪ ನುಂಗಿಹಾಕುತ್ತದೆ. ಆದರೆ ಚಂದ್ರ, ಗುರು, ಶನಿ, ಶುಕ್ರ, ಜೋಡಿ ನಕ್ಷತ್ರಗಳಿಗೆ ಯಾವ ದೀಪವೂ ಅಡ್ಡಿಯಲ್ಲ. ಅವುಗಳಿಗೆ ಕೆಟ್ಟದ್ದು ಬಿಸಿ ಗಾಳಿ. ಹಗಲೆಲ್ಲಾ ಕಾದ ತಾರಸಿ ರಾತ್ರಿ ಒಂಬತ್ತರವರೆಗೂ ಉಗುಳುವ ಝಳದಲ್ಲಿ ಗ್ರಹ ನೀರಿನೊಳಗೆ ಬಿದ್ದ ನಾಣ್ಯದ ಹಾಗೆ ನಡುಗುತ್ತದೆ. ತಾರಸಿಗಿಂತ ಅಂಗಳದ ಮಣ್ಣು, ಹುಲ್ಲು ವಾಸಿ. ತಾರಸಿಯೇ ಗತಿ ಅಂದರೆ ಊಟ ಮುಗಿಸಿ ತಡವಾಗಿ ಹತ್ತಿ. ಕಿಟಕಿ ಗಾಜಿನ ಮೂಲಕ ಅಂತೂ ನೋಡಲೇಬೇಡಿ.

ಈಗ ದುಡ್ಡಿನ ಮಾತು. ಭಾವಮೈದ ಹೇಳಿದ ಇಕ್ವಟೋರಿಯಲ್ ಮೌಂಟ್ ಒಳ್ಳೆಯ ಸಾಧನವೇ, ಆದರೆ ನಮ್ಮ ಊರುಗಳಲ್ಲಿ ಹೊಸಬರಿಗೆ ಅದನ್ನು ನಾನು ಹೇಳುವುದಿಲ್ಲ. ಸರಿಯುವ ಆಕಾಶವನ್ನು ಅದು ಹಿಂಬಾಲಿಸಬೇಕಾದರೆ ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಗುರಿ ಇಡಬೇಕು. ಯುರೋಪಿನಲ್ಲಿ ಧ್ರುವ ಆಕಾಶದ ಅರ್ಧ ಎತ್ತರದಲ್ಲಿ ಆರಾಮವಾಗಿ ಸಿಗುತ್ತದೆ. ದಾವಣಗೆರೆಯಲ್ಲಿ ಅದು ದಿಗಂತದಿಂದ 14 ಡಿಗ್ರಿ ಮೇಲೆ ಮಾತ್ರ. ಪಕ್ಕದ ಮನೆಯ ನೀರಿನ ಟ್ಯಾಂಕೇ ಮುಚ್ಚಿಬಿಡುತ್ತದೆ. ಅಷ್ಟು ಕೆಳಗೆ ಬಗ್ಗಿಸಿದರೆ ಎಷ್ಟೋ ಅಗ್ಗದ ಮೌಂಟ್‌ಗಳ ತೂಕದ ಗುಂಡು ಟ್ರೈಪಾಡ್ ಕಾಲಿಗೆ ತಾಗುತ್ತದೆ. ಹಾಗೆ ಒದ್ದಾಡಿ ಕೈಬಿಟ್ಟ ಮನೆಗಳನ್ನು ಕಂಡಿದ್ದೇನೆ. ಫೋಟೋಗ್ರಫಿಯ ಹುಚ್ಚು ಹಿಡಿದ ಮೇಲೆ ಅದರ ಯೋಚನೆ ಮಾಡಿದರೆ ಸಾಕು.

ನನ್ನನ್ನು ಕೇಳಿದರೆ ಮೊದಲ ಖರ್ಚು ಒಂದು ಒಳ್ಳೆಯ ಐಪೀಸ್. ಪ್ಲೋಸಲ್ ಮಾದರಿಯ, 10 ಎಂಎಂ ಆಸುಪಾಸಿನದು. ತರಿಸುವ ಮುಂಚೆ ಈಗಿರುವ ಐಪೀಸಿನ ಕೊಳವೆಯ ಅಗಲ ಅಳೆಯಿರಿ. ಒಂದೂಕಾಲು ಇಂಚು ಇದ್ದರೆ ಮಾತ್ರ ಹೊಸದು ಕೂರುತ್ತದೆ. ಎರಡನೆಯದು 10×50 ಬೈನಾಕ್ಯುಲರ್. ಎರಡೂ ಕಣ್ಣಲ್ಲಿ ನೋಡಬಹುದು, ಹೊಂದಿಸುವ ರಗಳೆ ಇಲ್ಲ, ಊರಿಗೆ ಹೋಗುವಾಗ ಚೀಲದಲ್ಲಿ ಹಿಡಿಸುತ್ತದೆ. ಕೃತ್ತಿಕಾ ನಕ್ಷತ್ರಪುಂಜ ಬೈನಾಕ್ಯುಲರಿನಲ್ಲಿ ಕಾಣುವಷ್ಟು ಚೆಂದ ಯಾವ ದೊಡ್ಡ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ. ಅದರಲ್ಲಿ ಶನಿಯ ಬಳೆ ಮಾತ್ರ ಸಿಗುವುದಿಲ್ಲ.

ಒಂದು ವರ್ಷ ಕಳೆದ ಮೇಲೂ ಮಗಳು ಇನ್ನೂ ಬೇಕು ಅಂದರೆ, ಆಗ 130 ಅಥವಾ 150 ಎಂಎಂನ ಡಾಬ್ಸೋನಿಯನ್. ಟ್ರೈಪಾಡ್ ಇಲ್ಲ, ಮರದ ಪೀಠದ ಮೇಲೆ ಫಿರಂಗಿ ಹಾಗೆ ಕೂತಿರುತ್ತದೆ, ಒಂದು ಬೆರಳಲ್ಲಿ ತಿರುಗುತ್ತದೆ. ಅಮೆರಿಕದ ಜಾನ್ ಡಾಬ್ಸನ್ ರೂಪಿಸಿದ ಮಾದರಿ ಇದು. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದವರು. ಗುಜರಿ ಸಾಮಾನಿನಿಂದ ಟೆಲಿಸ್ಕೋಪ್ ಕಟ್ಟಿ, ಬೀದಿಯಲ್ಲಿ ಹೋಗಿ ಬರುವವರನ್ನು ಕರೆದು ತೋರಿಸುತ್ತಿದ್ದರು. ನಾನು ಇಂದಿಗೂ ಅದನ್ನೇ ಮಾಡಲು ಪ್ರಯತ್ನಿಸುತ್ತಿದ್ದೇನೆ. 130 ಎಂಎಂ ಕನ್ನಡಿ ನಿಮ್ಮ ಲೆನ್ಸಿಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ತೊಂದರೆಗಳೂ ಇವೆ. ಗಾತ್ರ ದೊಡ್ಡದು. ಆಗಾಗ ಕನ್ನಡಿಗಳನ್ನು ಒಂದೇ ಗೆರೆಗೆ ತರುವುದನ್ನು ಕಲಿಯಬೇಕು. ನಮ್ಮ ಧೂಳು, ತೇವಕ್ಕೆ ಕನ್ನಡಿಯ ಲೇಪ ನಿಧಾನವಾಗಿ ಮಂಕಾಗುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ: ಫೋಕಲ್ ಲೆಂಗ್ತ್ 1000 ಎಂಎಂ ಅಂತ ಬರೆದಿರುವ ಕನ್ನಡಿ ಟೆಲಿಸ್ಕೋಪಿನ ಕೊಳವೆ ಅರ್ಧ ಮೀಟರ್ ಮಾತ್ರ ಇದ್ದರೆ ಬೇಡ. ಒಳಗೊಂದು ಅಗ್ಗದ ಲೆನ್ಸ್ ಸೇರಿಸಿ ಉದ್ದ ಹಿಗ್ಗಿಸಿರುತ್ತಾರೆ. ಚಿತ್ರ ಎಂದೂ ಚೊಕ್ಕವಾಗುವುದಿಲ್ಲ. ಯಾವುದನ್ನೇ ಕೊಳ್ಳುವ ಮುಂಚೆ ಬೆಂಗಳೂರಿನ ನೆಹರೂ ತಾರಾಲಯವೋ, ಮಂಗಳೂರಿನ ಪಿಲಿಕುಳವೋ, ನಿಮ್ಮ ಹತ್ತಿರದ ಹವ್ಯಾಸಿಗಳ ತಂಡವೋ ಆಕಾಶ ವೀಕ್ಷಣೆ ಇಟ್ಟಾಗ ಹೋಗಿ, ಬೇರೆಯವರ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿ.

ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ ಒಂದು ವಿಷಯ ಸೂರ್ಯ. ನಿಮ್ಮ ಡಬ್ಬದಲ್ಲಿ ಐಪೀಸಿಗೆ ತಿರುಗಿಸಿ ಹಾಕುವ 'ಸನ್ ಫಿಲ್ಟರ್' ಅನ್ನುವ ಪುಟ್ಟ ಕಪ್ಪು ಗಾಜು ಇದ್ದರೆ ಇವತ್ತೇ ಬಿಸಾಕಿ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ನಾವು ಕೊಡಗಿನಲ್ಲಿದ್ದೆವು. ಒಬ್ಬರು ಅಂಥದ್ದೇ ಗಾಜು ಹಾಕಿದ ಟೆಲಿಸ್ಕೋಪ್ ತಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ನಾನು ತಡೆದು, ಐಪೀಸ್ ತೆಗೆದು, ಆ ಜಾಗದಲ್ಲಿ ನ್ಯೂಸ್‌ಪೇಪರಿನ ಒಂದು ತುಂಡು ಹಿಡಿದೆ. ಕೆಲವೇ ಕ್ಷಣ. ಅಕ್ಷರಗಳು ಕಂದಾದವು, ಹೊಗೆ ಎದ್ದಿತು, ನಡುವೆ ತೂತು ಬಿತ್ತು. ಅಷ್ಟು ಕಾವು ಆ ಪುಟ್ಟ ಗಾಜಿನ ಮೇಲೆ ಬೀಳುತ್ತದೆ. ಅದು ಬಿರುಕು ಬಿಟ್ಟರೆ ಹಿಂದೆ ಇರುವುದು ಮಗುವಿನ ಕಣ್ಣು. ಸುಟ್ಟ ರೆಟಿನಾ ನೋಯುವುದೂ ಇಲ್ಲ, ಮರಳಿ ಬರುವುದೂ ಇಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡುವುದೂ ಅಷ್ಟೇ ಅಪಾಯ. ಸೂರ್ಯನಿಗೆ ಕೊಳವೆಯ ಮುಂಭಾಗವನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಫಿಲ್ಟರ್ ಮಾತ್ರ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಹಗಲು ಟೆಲಿಸ್ಕೋಪನ್ನು ಮುಚ್ಚಳ ಹಾಕದೆ ತಾರಸಿಯಲ್ಲಿ ಬಿಟ್ಟು ಬರಬೇಡಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಜೊತೆ ವಾದ ಮಾಡಬೇಡಿ. ಶನಿಯಿಂದ ಬರುವ ಬೆಳಕು ಸೂರ್ಯನದೇ, ಅಲ್ಲಿ ತಾಗಿ ಒಂದು ಗಂಟೆಗೂ ಹೆಚ್ಚು ಕಾಲ ಪಯಣಿಸಿ ಇಲ್ಲಿಗೆ ಬಂದದ್ದು. ಅದರಿಂದ ಯಾವ ಕೆಡುಕೂ ಇಲ್ಲ. ಆದರೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಚಿತ್ರದುರ್ಗದ ಹತ್ತಿರ ಒಂದು ಶಾಲೆಯಲ್ಲಿ ಒಬ್ಬ ಅಜ್ಜಿ ಹೀಗೇ ಹಿಂದೇಟು ಹಾಕಿದ್ದರು. ಮೊಮ್ಮಗ ಕೈಹಿಡಿದು ಕರೆತಂದ. ನೋಡಿದರು, ಕೊಳವೆಯ ಮುಂದೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಇಣುಕಿದರು. 'ಚಿತ್ರ ಅಂಟ್ಸಿಲ್ಲ ತಾನೆ?' ಅಂದರು. ಇಲ್ಲಮ್ಮ ಅಂದೆ. ಮತ್ತೆ ಬಂದು ನೋಡಿ, ಕೈಮುಗಿದು, ಬಲು ಹೊತ್ತು ಅಲ್ಲೇ ನಿಂತಿದ್ದರು. ನಿಮ್ಮ ಅತ್ತೆಯವರಿಗೆ ಮೊದಲು ಅರುಂಧತಿಯನ್ನು ತೋರಿಸಿ. ಮದುವೆಯಲ್ಲಿ ಹಗಲು ಹೊತ್ತಲ್ಲಿ ಬೆರಳು ತೋರಿಸಿದ ಆ ನಕ್ಷತ್ರ ಏಪ್ರಿಲ್, ಮೇ ಸಂಜೆಗಳಲ್ಲಿ ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕ ಬರಿಗಣ್ಣಿಗೇ ಕಾಣುತ್ತದೆ. 20 ಎಂಎಂ ಐಪೀಸಿನಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರವಾಗಿ ಒಡೆದು ಕಾಣುತ್ತಾನೆ, ಅರುಂಧತಿ ಸ್ವಲ್ಪ ದೂರದಲ್ಲಿ.

ಪಂಚಾಂಗ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ ಚಂದ್ರ. ಬೆಳಕು ಕತ್ತಲೆ ಕೂಡುವ ಗೆರೆಯಲ್ಲೇ ಕುಳಿಗಳ ನೆರಳು ಉದ್ದವಾಗಿ ಬೀಳುತ್ತದೆ. ಹುಣ್ಣಿಮೆಯಂದು ನೆರಳಿಲ್ಲದ ಚಪ್ಪಟೆ ತಟ್ಟೆ, ನೋಡಲು ಏನೂ ಇಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಾಚೆ ಯಾವುದಾದರೂ ಹೊಲಕ್ಕೆ ಹೋಗಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ, ಮೊಬೈಲ್ ಒಳಗಿಡಿ, ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಕೊಡಿ. ಮೇ ತಿಂಗಳಲ್ಲಾದರೆ ದಕ್ಷಿಣ ದಿಕ್ಕಿಗೆ ತಿರುಗಿ. ಒಮೆಗಾ ಸೆಂಟಾರಿ ಅನ್ನುವ ಲಕ್ಷಗಟ್ಟಲೆ ನಕ್ಷತ್ರಗಳ ಗುಡ್ಡೆ ಅಲ್ಲಿ 28 ಡಿಗ್ರಿ ಮೇಲೆ ಇರುತ್ತದೆ. ಲಂಡನ್ನಿನಲ್ಲಿ ಕೂತವರಿಗೆ ಅದು ಎಂದೂ ಹುಟ್ಟುವುದೇ ಇಲ್ಲ. ನಿಮ್ಮ 70 ಎಂಎಂ ಲೆನ್ಸಿನಲ್ಲಿ ಅಂಗೈಯಿಂದ ಊದಿದ ರಾಗಿ ಹಿಟ್ಟಿನ ಹಾಗೆ ಹರಡಿಕೊಂಡು ಕಾಣುತ್ತದೆ.

ಜೂನ್‌ನಲ್ಲಿ ಮೋಡ ಕವಿದ ಮೇಲೆ ಟೆಲಿಸ್ಕೋಪನ್ನು ಬಟ್ಟೆ ಬೀರುವಿನಲ್ಲಿ ಮುಚ್ಚಿಡಬೇಡಿ. ತೇವಕ್ಕೆ ಲೆನ್ಸಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬರುತ್ತದೆ, ಅದು ಗಾಜನ್ನೇ ತಿನ್ನುತ್ತದೆ. ಗಾಳಿ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಐಪೀಸ್‌ಗಳನ್ನಿಡಿ. ಕೊಳವೆಯ ಎರಡೂ ಮುಚ್ಚಳದ ಒಳಗೆ ಒಂದೊಂದು ಪೊಟ್ಟಣ ಇರಲಿ. ಬಿಸಿಲು ಬಿದ್ದ ದಿನ ಪೊಟ್ಟಣಗಳನ್ನು ಒಣಗಿಸಿ. ಲೆನ್ಸಿನ ಮೇಲೆ ಧೂಳು ಕಂಡರೂ ಬಟ್ಟೆಯಿಂದ ಉಜ್ಜಬೇಡಿ, ಊದುವ ರಬ್ಬರ್ ಬಲ್ಬ್ ಸಾಕು. ದೀಪಾವಳಿ ಕಳೆದ ಮೇಲೆ, ಪಟಾಕಿ ಹೊಗೆ ಇಳಿದ ಒಂದು ರಾತ್ರಿ ಎಂಟು ಗಂಟೆಗೆ ಹೊರಗೆ ತನ್ನಿ. ಪೂರ್ವದಲ್ಲಿ ಕೃತ್ತಿಕೆ ಮೇಲೆ ಬಂದಿರುತ್ತದೆ. 20 ಎಂಎಂ ಹಾಕಿ, ಮೊದಲು ಮಗಳೇ ನೋಡಲಿ.